ಮೊಳೆಗೆ ನೇತುಬಿದ್ದ ಹಸಿರು ಗೌನಿನವರ ಸನ್ನಿಧಿಗೆ

ಮಾನ್ಯರೇ,

ಐ.ಸಿ.ಯು. ಬಾಗಿಲ ಪಕ್ಕದ ಮೊಳೆಯನ್ನೇ ಸಿಂಹಾಸನ ಮಾಡಿಕೊಂಡು, ಬಂದವರೆಲ್ಲರ ಹೆಗಲೇರಿ ಒಳಗೆ ಹೋಗಿ ಬರುವ ತಮಗೆ ನರೇಗಲ್ಲಿನ ಅನ್ನಪೂರ್ಣಾ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ಬಲ್ಲೆ. ಒಳಗೆ ಮಲಗಿರುವವರು ಕ್ಷೇಮವಾಗಿಲ್ಲ, ಅದನ್ನು ತಮ್ಮ ಅವಗಾಹನೆಗೆ ತರಲೆಂದೇ ಈ ಪತ್ರ.

ನಮ್ಮ ಮನೆಯವರ ಹೆಸರು ಫಕೀರೇಶ. ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದೆ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವರ ಕಸುಬು. ಮಲಪ್ರಭೆಯ ನೆರೆ ಇಳಿದ ಮೇಲೆ ಹೊಳೆಮಣ್ಣೂರಿನಲ್ಲಿ ಕೆಸರು ತುಂಬಿದ ಮೋಟರೊಂದನ್ನು ಎತ್ತಲು ಹೋದಾಗ, ಅದರಡಿಯಲ್ಲಿ ಬೆಚ್ಚಗೆ ಮಲಗಿದ್ದ ಹಾವು ಕಚ್ಚಿತು. ಉಸಿರು ಸಣ್ಣಗಾಗುತ್ತ ಬಂದವರನ್ನು ಈ ಆಸ್ಪತ್ರೆಗೆ ತಂದು ಉಸಿರಾಟದ ಯಂತ್ರಕ್ಕೆ ಹಾಕಿದೆವು. "ಹಾವಿಂದೇನ ಚಿಂತಿ ಮಾಡಬ್ಯಾಡ್ರಿ, ಅದಕ್ಕ ಔಷಧ ಐತಿ" ಎಂದ ಡಾಕ್ಟರು ಆ ಮಾತನ್ನು ಖರೇ ಮಾಡಿ ತೋರಿಸಿದರು. ವಿಷ ಇಳಿಯಿತು, ಕಣ್ಣು ತೆರೆದರು, ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದರು. ನಳಿಕೆ ತೆಗೆಯುವ ಮಾತು ನಡೆದಿತ್ತು.

ಅಷ್ಟರಲ್ಲಿ ತಮ್ಮ ಕೃಪೆಯಾಯಿತು. ಜ್ವರ ಬಂತು, ಎದೆಯಲ್ಲಿ ಕಫ ತುಂಬಿತು, ಪರೀಕ್ಷೆಗೆ ಕಳಿಸಿದ ಕಫದ ವರದಿಯಲ್ಲಿ ಯಾವ ಔಷಧಕ್ಕೂ ಜಗ್ಗದ ರೋಗಾಣು ಇದೆಯೆಂದು ಬಂತು. ಇದು ಹೊರಗಿನಿಂದ ತಂದದ್ದಲ್ಲ, ಇಲ್ಲಿಯೇ ಅಂಟಿದ್ದು ಎಂದು ಡಾಕ್ಟರೇ ತಲೆ ತಗ್ಗಿಸಿ ಒಪ್ಪಿದರು. ಈಗ ಉಳಿದಿರುವುದು ಒಂದೇ ಔಷಧವಂತೆ, ಅದು ಮೂತ್ರಪಿಂಡ ತಿಂದು ಪ್ರಾಣ ಉಳಿಸಿದರೂ ಉಳಿಸೀತಂತೆ. ಕೆಸರಿನಲ್ಲಿ ಬಿದ್ದಿದ್ದ ನಾಗಪ್ಪನ ವಿಷಕ್ಕೆ ಮದ್ದಿದೆ, ಫಿನೈಲ್ ವಾಸನೆಯ ಈ ಅರಮನೆಯಲ್ಲಿ ಸಾಕಿದ್ದಕ್ಕೆ ಮದ್ದಿಲ್ಲ ಎಂದರೆ ತಮ್ಮ ಹಿರಿಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ತಮ್ಮ ದಿನಚರಿಯನ್ನು ನಾನು ಭಕ್ತಿಯಿಂದ ಗಮನಿಸಿದ್ದೇನೆ. ರೋಗಿಗಳು ಹಲವರು, ತಾವು ಒಬ್ಬರೇ. ಪಕ್ಕದ ಮಂಚದ ಮೈಮುನಬಿಯವರನ್ನು ನೋಡಲು ಮಗಳು ನಿಲೋಫರ ತಮ್ಮನ್ನು ತೊಟ್ಟು ಹೋಗುತ್ತಾಳೆ. ಬಾಗಿ ತಾಯಿಯ ಗಲ್ಲ ಒರೆಸಿ ಹೊರಗೆ ಬಂದು ಬಿಚ್ಚಿಕೊಟ್ಟರೆ ಆ ಬಿಸಿ ಆರುವ ಮೊದಲೇ ನಾನು ತೊಡುತ್ತೇನೆ, ನಾನು ಬಿಚ್ಚಿದರೆ ನರಗುಂದದಿಂದ ಬಂದ ಮತ್ಯಾರೋ. ತಮ್ಮ ತೋಳಿನ ಮೇಲೆ ಒಬ್ಬರ ವಿಭೂತಿ, ಇನ್ನೊಬ್ಬರ ಎಳನೀರು, ಯಾರದೋ ರಕ್ತ. ಜಾತಿ ಮತ ನೋಡದೆ ಎಲ್ಲರನ್ನೂ ಒಂದು ಮಾಡುವ ತಮ್ಮಂಥವರು ನಮ್ಮ ತಾಲೂಕಿನಲ್ಲಿ ಚುನಾವಣೆಗೆ ನಿಂತವರ ಪೈಕಿಯೂ ಯಾರೂ ಇಲ್ಲ. "ಗೌನ್ ಹಾಕ್ಕೊಂಡ ಬರ್ರಿ, ಇಲ್ಲಾಂದ್ರ ಪೇಶಂಟಿಗೆ ಸೋಂಕ ಆಗ್ತೈತಿ" ಎಂದು ಸಿಸ್ಟರು ಗದರಿಸುವಾಗ ತಾವು ನಗು ಹೇಗೆ ತಡೆಯುತ್ತೀರೋ ತಿಳಿಯದು.

ನಮ್ಮ ಅತ್ತೆ ಅಡಿವೆವ್ವ ತಮ್ಮನ್ನು ಮಡಿ ಎಂದೇ ತಿಳಿದಿದ್ದಾರೆ. ಚಪ್ಪಲಿ ಹೊರಗೆ ಬಿಟ್ಟು, ತಮಗೆ ಕೈಮುಗಿದು, ತೊಟ್ಟು, ಬಾಗಿಲ ಬಳಿಯ ಸ್ಯಾನಿಟೈಸರನ್ನು ಅಂಗೈಯಲ್ಲಿ ಒಂದು ಹನಿ ಹಿಡಿದು ತೀರ್ಥದಂತೆ ತಲೆಗೆ ಸವರಿಕೊಳ್ಳುತ್ತಾರೆ. ಆಮೇಲೆ ಆ ಒಣಗಿದ ಕೈಯಿಂದಲೇ ಮಗನ ತುಟಿಯ ನಳಿಕೆ ಸರಿಪಡಿಸುತ್ತಾರೆ. "ಗುಡಿಗಿಂತ ಚಲೋ ಮಡಿ ಐತಿ ನೋಡವಾ ಇಲ್ಲಿ" ಎಂದು ನನಗೇ ಹೇಳಿದರು. ಅವರನ್ನು ಬೈಯುವಂತಿಲ್ಲ, ಯಾಕೆಂದರೆ ಡಾಕ್ಟರು ಅದೂ ಮಾಡುವುದಿಲ್ಲ. ಮೈಮುನಬಿಯವರ ಗಾಯ ಮುಟ್ಟಿದ ಕೈಯನ್ನು ಗಾಳಿಯಲ್ಲಿ ಝಾಡಿಸಿ ನೇರ ನಮ್ಮವರ ಎದೆಗೆ ಬರುತ್ತಾರೆ, ತಮ್ಮನ್ನಂತೂ ಒಮ್ಮೆಯೂ ತೊಟ್ಟಿಲ್ಲ.

ತಮ್ಮಲ್ಲಿ ಬಿಡಾರ ಹೂಡಿರುವ ರೋಗಾಣುಗಳೆಂಬವರು ಸಾಮಾನ್ಯರಲ್ಲ, ಗರಡಿಯಾಳುಗಳು. ಅವರನ್ನು ಪಳಗಿಸಿದ ಉಸ್ತಾದರು ನಾವೇ ಎಂಬ ಹೆಮ್ಮೆ ನಮಗಿರಬೇಕು. ಮೂಗು ಸೋರಿದರೆ ಔಷಧದ ಅಂಗಡಿಯಲ್ಲಿ "ಜೋರಿಂದು ಒಂದ ಕೊಡ್ರಿ" ಎಂದು ಗುಳಿಗೆ ಕೇಳುತ್ತೇವೆ, ಮೈ ಹಗುರಾದ ಕೂಡಲೆ ಬಿಡುತ್ತೇವೆ, ಉಳಿದದ್ದನ್ನು ಓಣಿಯವರಿಗೆ ದಾನ ಮಾಡುತ್ತೇವೆ. ಅರ್ಧ ಏಟು ತಿಂದು ಬದುಕಿದವನು ಪಟ್ಟು ಕಲಿಯದೆ ಇರುತ್ತಾನೆಯೇ? ಇನ್ನು ಆಸ್ಪತ್ರೆಯವರು, ಯಾವ ರೋಗವೆಂದು ತಿಳಿಯುವ ಮೊದಲೇ ದೊಡ್ಡ ದೊಡ್ಡ ಔಷಧಗಳನ್ನೆಲ್ಲ ಸಾಲಾಗಿ ಚುಚ್ಚಿ, ಯಾವ ಪಟ್ಟೂ ಬಾಕಿ ಉಳಿಯದಂತೆ ನೋಡಿಕೊಂಡಿದ್ದಾರೆ.

ತಮ್ಮನ್ನು ಒಗೆಯಬಾರದೇಕೆ ಎಂದು ವಿನಯದಿಂದಲೇ ಕೇಳಿದೆ. "ಅದು ಒಮ್ಮೆ ಹಾಕಿ ಬಿಸಾಕೋ ಗೌನ್ ರೀ. ತೊಳದ್ರ ಹರದಹೋಕ್ಕೈತಿ" ಎಂದರು ಮೇಲ್ವಿಚಾರಕರು. ಒಂದೇ ಸಲ ತೊಡಬೇಕಾದ್ದರಿಂದ ತೊಳೆಯುವಂತಿಲ್ಲ, ಇರುವುದು ಒಂದೇ ಆದ್ದರಿಂದ ಬಿಸಾಡುವಂತಿಲ್ಲ. ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಹುಟ್ಟಿದ ನಾನು ಎಷ್ಟೋ ಬಟ್ಟೆ ಕಂಡಿದ್ದೇನೆ, ಇಂಥ ಚಿರಂಜೀವಿಯನ್ನು ಕಂಡಿರಲಿಲ್ಲ.

ಆದ್ದರಿಂದ ತಮ್ಮಲ್ಲೇ ಬೇಡಿಕೊಳ್ಳುತ್ತೇನೆ. ದಯವಿಟ್ಟು ವಾರಕ್ಕೊಮ್ಮೆಯಾದರೂ ರಜೆ ಹಾಕಿ, ಮೊಳೆಯಿಂದ ತಾವೇ ಇಳಿದು, ಮೆಟ್ಟಿಲು ದಾಟಿ, ಕಸದ ಡಬ್ಬಿಯವರೆಗೆ ನಡೆದು ಹೋಗಬೇಕು. ಹೋಗುವಾಗ ಡಾಕ್ಟರ ಕೈಹಿಡಿದು ನಲ್ಲಿಯವರೆಗೆ ಕರೆದೊಯ್ದು ಅದು ತಿರುಗುವ ವಸ್ತುವೆಂದು ತೋರಿಸಬೇಕು. ಇದಾವುದೂ ಆಗದಿದ್ದರೆ ನನ್ನದೊಂದು ತೊಡಕನ್ನಾದರೂ ಬಿಡಿಸಿ: ತಮ್ಮನ್ನು ತೊಡದೆ ನನ್ನನ್ನು ಒಳಗೆ ಬಿಡುವುದಿಲ್ಲ, ತೊಟ್ಟರೆ ರೋಗವನ್ನೂ ಹೊತ್ತು ಒಯ್ದಂತೆ. ನಿನ್ನೆ ನಾನು ಗಾಜಿನ ಈಚೆಯೇ ನಿಂತೆ. ಬಾಯಲ್ಲಿ ನಳಿಕೆ ಇದ್ದದ್ದರಿಂದ ನಮ್ಮವರು ಕೂಗಿ ಕರೆಯಲಾರರು, ಬೆರಳು ಮಡಚಿ ಮಡಚಿ ಕರೆದರು. ನಾನು ಮುನಿಸಿಕೊಂಡಿದ್ದೇನೆಂದು ತಿಳಿದಿರಬೇಕು. ನನಗೆ ಅವರ ಕೈ ಹಿಡಿಯಬೇಕಾಗಿದೆ ಮಾನ್ಯರೇ, ಅದಕ್ಕಿಂತ ಹೆಚ್ಚಿನದೇನೂ ಬೇಡ.

ಬೇರೆ ದಾರಿ ಇಲ್ಲದ್ದರಿಂದ ಮಾತ್ರ
ತಮ್ಮ ವಿಶ್ವಾಸಿ,
ಅನ್ನಪೂರ್ಣಾ, ನರೇಗಲ್

ತಾ.ಕ.: ಸಹಿ ಮಾಡಿದ ಮರುದಿನ ಬೆಳಿಗ್ಗೆ ಫಕೀರೇಶ ತೀರಿಕೊಂಡರು. ಕೊನೆಯ ಸಲ ಮುಖ ನೋಡಲು ಕರೆದಾಗ ತಮ್ಮನ್ನು ತೊಟ್ಟು ಬಾ ಎಂದು ಯಾರೂ ಹೇಳಲಿಲ್ಲ, ಹೆಣಕ್ಕೆ ಇನ್ನು ಸೋಂಕಿನ ಭಯವಿಲ್ಲವಲ್ಲ. ಕೈ ಹಿಡಿದೆ, ತಣ್ಣಗಿತ್ತು. ಹೊರಗೆ ಬಂದರೆ ನಿಲೋಫರ ತಮಗೆ ತೋಳು ತೂರಿಸುತ್ತಿದ್ದಳು. ಅವಳ ಮೈಯಿಂದ ತಮ್ಮನ್ನು ನಾನೇ ಎಳೆದುಕೊಂಡು ಆಸ್ಪತ್ರೆಯ ಹಿತ್ತಲಿಗೆ ಒಯ್ದು ಕಡ್ಡಿ ಗೀರಿದೆ. ಒಗೆದರೆ ಹರಿಯುವ ತಾವು ಬೆಂಕಿಗೆ ಬಲು ಬೇಗ ಒಲಿದಿರಿ. ಒಳಗಿನವರ ಜ್ವರ ಗೊತ್ತಾಗಲು ಆಸ್ಪತ್ರೆಯವರಿಗೆ ಎಷ್ಟೋ ದಿನ ಹಿಡಿದಿತ್ತು, ತಾವು ಕಾಣೆಯಾದದ್ದು ಮಾತ್ರ ಆಗಲೇ ಗೊತ್ತಾಗಿ ಕಳ್ಳಿಯನ್ನು ಹುಡುಕುತ್ತಿದ್ದಾರಂತೆ. ಬರಲಿ. ಕೈ ತೊಳೆದುಕೊಂಡು ಬರಲಿ.