ಎರಡನೇ ಮುದ್ದೆ ತರಲು ಒಳಗೆ ಹೋದಾಗ

ಆ ಭಾನುವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ, ರಂಗೋಲಿ ಎಳೆದೆ, ಎರಡೂ ಹಸುಗಳ ಹಾಲು ಕರೆದು ಡೈರಿಗೆ ಹಾಕಿ ಬಂದೆ, ಕೊಟ್ಟಿಗೆ ತೊಳೆದೆ, ನಮ್ಮತ್ತೆಯ ತಲೆಗೆ ಎಣ್ಣೆ ಒತ್ತಿದೆ, ಹುರುಳಿಕಾಳು ಬೇಯಲಿಟ್ಟೆ, ದಂಟಿನ ಸೊಪ್ಪು ಬಿಡಿಸಿದೆ, ಹುಲ್ಲಿನಲ್ಲಿಟ್ಟ ಮಾವಿನಕಾಯಿಯಲ್ಲಿ ಹಣ್ಣಾದದ್ದನ್ನು ಆರಿಸಿ ತೆಗೆದೆ, ತೆಂಗಿನಕಾಯಿ ತುರಿದೆ, ಕೊನೆಗೆ ತುಪ್ಪದ ಡಬ್ಬಿಯನ್ನೂ ಮೊಸರಿನ ಪಾತ್ರೆಯನ್ನೂ ಅಡುಗೆಮನೆಯ ಮೂಲೆಗೆ ತಳ್ಳಿ ಮೇಲೊಂದು ಬಿದಿರಿನ ಬುಟ್ಟಿ ಕವುಚಿದೆ. ಆ ಕೊನೆಯ ಕೆಲಸ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಾನು ಹೆಚ್ಚುಕಡಿಮೆ ದಿನವೂ ಮಾಡುವಂಥದ್ದೇ. ದಿನವೂ ಮಾಡುವ ಕೆಲಸದಿಂದ ಯಾರಿಗೂ ಆಘಾತವಾಗುವುದಿಲ್ಲ. ಆಘಾತವಾಗುವುದೇನಿದ್ದರೂ ಹೊಸದಾಗಿ ಮಾಡಿದ ಒಂದು ಕೆಲಸದಿಂದ, ಅದೂ ಒಳ್ಳೆಯ ಮನಸ್ಸಿನಿಂದ ಮಾಡಿದ್ದರಿಂದ.

ಅಡುಗೆ ಮಾಡುವ ಹೆಂಗಸಿಗೆ ತನ್ನ ಒಂದು ಪದಾರ್ಥದ ಬಗ್ಗೆಯಾದರೂ ಒಳಗೊಳಗೇ ಜಂಬ ಇರುತ್ತದೆ. ನನಗೆ ಬಸ್ಸಾರಿನ ಬಗ್ಗೆ ಇತ್ತು. ನಾನು ಹುಟ್ಟಿದ್ದು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಲ್ಲಿ. ನಮ್ಮಪ್ಪ ಒಣಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುಟ್ಟು ಮುದ್ದೆಯ ಜೊತೆ ಹಪ್ಪಳದಂತೆ ಕಡಿಯುತ್ತಿದ್ದವರು. ಮದುವೆಯಾಗಿ ಶ್ರೀನಿವಾಸಪುರದ ಈ ಕಡೆ ಯಲ್ದೂರಿಗೆ ಬಂದ ಮೇಲೂ ನಾನು ಗುಂಟೂರು ಮೆಣಸಿನಕಾಯಿ ಬಿಡಲಿಲ್ಲ. ಬೇಸಿಗೆಯಲ್ಲಿ ತಾರಸಿಯ ಮೇಲೆ ಒಣಗಿಸಿ, ವರ್ಷಕ್ಕಾಗುವಷ್ಟನ್ನು ಒಂದೇ ಸಲ ಮಿಲ್ಲಿಗೆ ಹಾಕಿಸುತ್ತೇನೆ. ನಾನು ಚೀಲ ಹಿಡಿದು ಹೋಗುತ್ತಿದ್ದ ಹಾಗೆ ಪಕ್ಕದ ಬೀದಿಯ ಜುಬೇದಾ, 'ಅಕ್ಕಾ, ನಿಮ್ದು ಕಡೇಲಿ ಹಾಕ್ಸಿ, ಹೋದ್ವರ್ಷ ನಿಮ್ ಹಿಂದೇನೇ ಗೋಧಿ ಹಾಕ್ಸಿ, ನಮ್ ಚಪಾತಿ ತಿಂದು ಮಕ್ಳು ಅತ್ಬಿಟ್ವು' ಅನ್ನುತ್ತಾಳೆ. ನಾನು ಅದನ್ನೂ ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ. ಯಾಕೆಂದರೆ ನಮ್ಮ ಮನೆಯಲ್ಲಿ ಇಷ್ಟು ವರ್ಷವಾದರೂ ಒಬ್ಬರೂ ಖಾರ ಎಂದು ಬಾಯಿ ಬಿಟ್ಟಿರಲಿಲ್ಲ. ತಟ್ಟೆಯಲ್ಲಿ ಒಂದು ಹನಿ ಉಳಿಸುತ್ತಿರಲಿಲ್ಲ.

ಶನಿವಾರ ಮಗಳು ಶಿಲ್ಪ ಮಾಲೂರಿನಿಂದ ಫೋನು ಮಾಡಿದಳು. ಮದುವೆಯ ಗಡಿಬಿಡಿಯೆಲ್ಲ ಮುಗಿದ ಮೇಲೆ ಅಳಿಯ ನವೀನ ನಮ್ಮ ಮನೆಗೆ ಊಟಕ್ಕೆ ಬರುತ್ತಿರುವುದು ಇದೇ ಮೊದಲ ಸಲ. ಅವರು ಅಲ್ಲಿನ ಕಾಲೇಜೊಂದರಲ್ಲಿ ಲೆಕ್ಕದ ಮೇಷ್ಟರು. ನಾನು ಹೋಳಿಗೆಯೋ ಶಾವಿಗೆ ಪಾಯಸವೋ ಎಂದು ಕೇಳುತ್ತಿರುವಾಗಲೇ ಇವಳು ಮಧ್ಯೆ ಬಾಯಿ ಹಾಕಿದಳು.

'ಅಮ್ಮಾ, ಇವ್ರು ಹಾಲು, ಮೊಸರು, ತುಪ್ಪ ಏನೂ ಮುಟ್ಟಲ್ಲ ಕಣಮ್ಮಾ. ವೀಗನ್ನು.'

'ಮೈಗೆ ಆಗಲ್ವೇನೇ?'

'ಮೈಗೆ ಆಗತ್ತೆ. ಹಾಲು ಕರುವಿಂದು, ನಮ್ದಲ್ಲ ಅಂತಾರೆ.'

ಆಗ ನನ್ನ ಇನ್ನೊಂದು ಕೈಯಲ್ಲಿ ಡೈರಿಗೆ ಹೊರಟ ಹಾಲಿನ ಕ್ಯಾನು ಇತ್ತು. ಕದ್ದ ಮಾಲು ಹಿಡಿದು ನಿಂತವಳ ಹಾಗೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಮ್ಮ ಮನೆ ನಡೆದದ್ದೇ ಹಾಲಿನ ಮೇಲೆ. ಶಿಲ್ಪಳ ಕಾಲೇಜಿನ ಫೀಸು ಕಟ್ಟಿದ್ದೂ ಈ ಹಸುಗಳೇ. ಮಾಂಸ ತಿನ್ನದವರನ್ನು ಕಂಡಿದ್ದೇನೆ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರನ್ನೂ ಕಂಡಿದ್ದೇನೆ, ಆದರೆ ಮೊಸರು ಬೇಡ ಎನ್ನುವ ಗಂಡಸನ್ನು ಕಂಡಿರಲಿಲ್ಲ. ನಮ್ಮತ್ತೆಗೆ ವಿಷಯ ಹೇಳಿದೆ. ಎಂಬತ್ತು ದಾಟಿದ ಜೀವ. 'ಮೊಸರಿಲ್ದೆ ಊಟ ಹೆಂಗೆ ಮುಗೀತದೆ? ಮುಗೀತು ಅಂತ ಗೊತ್ತಾಗೋದಾದ್ರೂ ಹೆಂಗೆ?' ಎಂದರು. ಆಗ ನನಗೆ ಅದು ಮುದುಕಿಯ ಮಾತು ಅನ್ನಿಸಿತು.

ಮೊದಲ ಊಟಕ್ಕೆ ಬಂದ ಅಳಿಯ ಅರೆಹೊಟ್ಟೆಯಲ್ಲಿ ಎದ್ದುಹೋದರೆ ಮಾಲೂರಿನಲ್ಲಿ ಬೀಗಿತ್ತಿಯ ಎದುರು ನಮ್ಮ ಹುಡುಗಿ ತಲೆಯೆತ್ತಿ ತಿರುಗುವುದು ಹೇಗೆ ಎಂದು ನನಗೆ ಅದೇ ಚಿಂತೆ. ಶಿಲ್ಪಳೇ ದಾರಿ ತೋರಿಸಿದಳು. 'ಬಸ್ಸಾರು ಮಾಡಮ್ಮಾ. ಅದ್ರಲ್ಲಿ ಹಾಲಿಂದು ಏನಿದೆ?' ಯೋಚಿಸಿದರೆ ನಿಜ. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು, ಅದಕ್ಕೆ ಹುರಿದು ರುಬ್ಬಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣು, ಮೆಣಸಿನಪುಡಿ. ಬಸಿದು ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಜೊತೆಗೆ ಮುದ್ದೆ. ಸಿಹಿಗೆ ತೆಂಗಿನಹಾಲಿನಲ್ಲಿ ಗಸಗಸೆ ಪಾಯಸ. ಹಸುವಿನ ಮುಖವನ್ನೇ ನೋಡದ ಅಡುಗೆಯನ್ನು ನಾನು ಹುಟ್ಟಿದಾಗಿನಿಂದ ಮಾಡುತ್ತ ಬಂದಿದ್ದೇನೆ, ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಎಂದು ಗೊತ್ತಿರಲಿಲ್ಲ ಅಷ್ಟೆ.

ಭಾನುವಾರ ಅವರು ಬಂದರು. ಅಳಿಯಂದಿರು ಮೊದಲು ಹೋದದ್ದು ಕೊಟ್ಟಿಗೆಗೆ. ಕರುವಿನ ಕತ್ತಿನಡಿಯ ಗಂಗೆದೊಗಲು ತುರಿಸುತ್ತ ನಿಂತರು. ನಾನು ಹಾಲಿನ ಖಾಲಿ ಕ್ಯಾನನ್ನು ಸೆರಗಿನ ಮರೆಯಲ್ಲಿ ಒಳಗೆ ಸಾಗಿಸಿದೆ. ಊಟಕ್ಕೆ ಕೂರುವಾಗ ನಮ್ಮ ಮನೆಯವರಿಗೆ ಇದ್ದಕ್ಕಿದ್ದಂತೆ ಉದಾರತೆ ಉಕ್ಕಿತು. ಅವರದು ಪೇಟೆಯಲ್ಲಿ ಪೈಪು, ಮೋಟಾರಿನ ಅಂಗಡಿ; ಗಿರಾಕಿಗಳ ಎದುರು ಮಾತಾಡಿ ಅಭ್ಯಾಸ. 'ಅಳಿಯಂದ್ರು ಮುಟ್ಟದ್ದನ್ನ ಅವರ ಎದುರಿಗೆ ಕೂತು ನಾವು ತಿನ್ನೋದು ಮರ್ಯಾದೆ ಅಲ್ಲ. ಇವತ್ತು ಈ ಮನೇಲಿ ತುಪ್ಪ, ಮೊಸರು ಹೊರಗೆ ಬರಬಾರ್ದು' ಎಂದರು. ನನ್ನ ಕಣ್ಣು ತುಂಬಿ ಬಂತು. ಎಂಥ ಮನುಷ್ಯನನ್ನು ಕಟ್ಟಿಕೊಂಡಿದ್ದೇನೆ ಅನ್ನಿಸಿತು. ಗೋಡೆಗೊರಗಿ ಕೂತಿದ್ದ ನಮ್ಮತ್ತೆ ಮಾತ್ರ ಮಗನನ್ನು ಒಂದು ಥರ ನೋಡಿ, 'ಯೋಚ್ನೆ ಮಾಡಿ ಹೇಳ್ದೇನಪ್ಪಾ?' ಎಂದರು. ತಮಗೆ ಹಸಿವಿಲ್ಲ, ಬರೀ ಪಾಯಸ ಸಾಕು ಎಂದೂ ಸೇರಿಸಿದರು.

ಗಂಡ, ಮಗಳು, ಅಳಿಯ ಮೂವರೂ ಕೂತರು. ಬಿಸಿ ಮುದ್ದೆ ಇಟ್ಟೆ, ಸಾರು ಬಿಟ್ಟೆ. ಎಲ್ಲರೂ ಒಂದೇ ಸಲ ತುತ್ತು ನುಂಗಿದರು. ಆಮೇಲೆ ಆ ನಡುಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ಚೆನ್ನಾಗಿದ್ದರೆ ಯಾರು ತಾನೇ ಮಾತಾಡುತ್ತಾರೆ ಎಂದುಕೊಂಡು ನಾನು ಇನ್ನೊಂದು ಸೌಟು ಬಿಟ್ಟೆ. ಅಳಿಯಂದಿರ ಹಣೆಯಲ್ಲಿ ಬೆವರು. ಸೆಖೆ ಇರಬೇಕು ಎಂದು ಫ್ಯಾನು ಜೋರು ಮಾಡಿದೆ. ನಮ್ಮ ಮನೆಯವರ ಕಿವಿ ಟೊಮೆಟೊ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಶಿಲ್ಪ ಮುದ್ದೆಗಿಂತ ನೀರೇ ಹೆಚ್ಚು ನುಂಗುತ್ತಿದ್ದಳು. ಅಳಿಯ ತಲೆಯೆತ್ತಿ ಮಾವನ ಮುಖ ನೋಡುತ್ತಾರೆ, ಮಾವ ಅಳಿಯನ ಮುಖ ನೋಡುತ್ತಾರೆ, ಇಬ್ಬರೂ ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿಯುತ್ತಾರೆ. ಎರಡನೇ ಮುದ್ದೆ ಹಾಕಲೇ ಎಂದೆ. 'ಮಾವನವರಿಗೆ ಹಾಕಿ' ಎಂದರು ಅಳಿಯ. 'ಅಳಿಯಂದ್ರಿಗೆ ಹಾಕು' ಎಂದರು ಮಾವ. ನಾನು ಇಬ್ಬರಿಗೂ ಹಾಕಿದೆ.

ಎರಡನೇ ಮುದ್ದೆ ಅರ್ಧ ಮುಗಿಯುವ ಹೊತ್ತಿಗೆ ಅಳಿಯಂದಿರ ಕಣ್ಣಿನಿಂದ ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ತಾಯಿಯ ಕೈಯಡುಗೆ ನೆನಪಾಗಿರಬೇಕು ಎಂದು ನನಗೆ ಹೆಮ್ಮೆಯಾಯಿತು. ಮೂರನೆಯದಕ್ಕೆ ಎಂದು ಒಳಗೆ ತಿರುಗಿದೆನೋ ಇಲ್ಲವೋ ನಮ್ಮತ್ತೆ ಕೋಲು ನೆಲಕ್ಕೆ ಕುಟ್ಟಿದರು.

'ಚಾಲಮ್ಮಾ ಚಾಲು, ಸಾಕು ನಿಲ್ಸು. ಲೇ, ಏಳ್ಲಾ ನೀನು. ನೀನೂ ಎದ್ದೇಳಪ್ಪಾ. ಒಬ್ರ ಮುಖ ಒಬ್ರು ನೋಡ್ಕೊಂಡು ಎಷ್ಟೂಂತ ತಿಂತೀರ?'

ಆಗ ಹೊರಬಿತ್ತು. ನಮ್ಮ ಮನೆಯಲ್ಲಿ ಬಂದ ಅತಿಥಿ ಏಳುವ ಮೊದಲು ಮನೆಯವರು ಏಳಬಾರದು. ಅಳಿಯಂದಿರ ಮನೆಯಲ್ಲಿ ಹಿರಿಯರು ಏಳುವ ಮೊದಲು ಕಿರಿಯರು ಏಳಬಾರದು. ದಿನವೂ ಆದರೆ ಮೊಸರನ್ನ ಬಂದ ಕೂಡಲೇ ಊಟ ಮುಗಿಯಿತು ಎಂದು ಎಲ್ಲರಿಗೂ ತಿಳಿಯುತ್ತದೆ. ಅವತ್ತು ಅದೂ ಇಲ್ಲ. ಹೀಗಾಗಿ ಇಬ್ಬರೂ ಒಬ್ಬರು ಇನ್ನೊಬ್ಬರಿಗೆ ಮರ್ಯಾದೆ ಕೊಡುತ್ತ, ಬಾಯಿ ಉರಿಯುತ್ತಿದ್ದರೂ ತಿನ್ನುತ್ತಲೇ ಹೋಗಿದ್ದಾರೆ.

'ನಾಲಿಗೆ ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ ಅತ್ತೆ' ಎಂದರು ಅಳಿಯ, ತುಂಬ ವಿನಯದಿಂದ. 'ರುಚಿ ಮಾತ್ರ ಚೆನ್ನಾಗಿತ್ತು. ಮೊದಲನೇ ತುತ್ತಿನವರೆಗೆ.'

ನಾನು ಕಂಗಾಲಾದೆ. 'ರೀ, ಇವತ್ತು ಏನೋ ಹೆಚ್ಚುಕಡಿಮೆ ಆಗಿದೆ. ದಿನಾ ಹಾಕೋಷ್ಟೇ ಪುಡಿ ಹಾಕಿದ್ದು' ಎಂದೆ. ನಮ್ಮ ಮನೆಯವರು ಚೊಂಬಿನ ನೀರನ್ನು ಎತ್ತಿ ಕುಡಿದರು. ಶಿಲ್ಪ ನೆಲ ನೋಡಿದಳು.

'ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ ಕಣೇ ಸರೋಜಿ' ಎಂದರು ನಮ್ಮತ್ತೆ. 'ದಿನಾ ಇಷ್ಟೇ ಇರ್ತದೆ. ನೀನು ಎರಡನೇ ಮುದ್ದೆ ತರಕ್ಕೆ ಒಳಗೆ ಹೋಗ್ತೀಯಲ್ಲ, ಆಗ ನಾವು ಸಾರಿಗೆ ತುಪ್ಪ ಹುಯ್ಕೊಂಡು, ಮೊಸರು ಕಲಸ್ಕೊಂಡು ತಿಂದ್ಬಿಡ್ತೀವಿ. ಇಲ್ದಿದ್ರೆ ನಾನು ಇಷ್ಟು ದಿನ ಬದುಕ್ತಿದ್ನೇನೇ?'

ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ. ತುಪ್ಪದ ಡಬ್ಬಿ ನಮ್ಮ ಮನೆಯಲ್ಲಿ ಇಷ್ಟು ಬೇಗ ಖಾಲಿಯಾಗುವುದೇಕೆ ಎಂದು ನಾನು ಇರುವೆಯನ್ನು ಬೈದಿದ್ದೇನೆ, ಬೆಕ್ಕನ್ನು ಬೈದಿದ್ದೇನೆ. ಒಮ್ಮೆ ಹಸುವನ್ನೂ ಬೈದಿದ್ದೇನೆ, ಇದರ ಹಾಲಿನಲ್ಲಿ ಬೆಣ್ಣೆ ಬರುವುದೇ ಇಲ್ಲ ಎಂದು. ಮದುವೆಯಾದ ಹೊಸದರಿಂದ ನಡೆದಿದೆಯಂತೆ. ಗಂಡ ಹೇಳಲಿಲ್ಲ, ಅತ್ತೆ ಹೇಳಲಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ನಡೆಯಲು ಕಲಿತ ಕೂಡಲೇ ಆ ಕಡೆ ಸೇರಿಕೊಂಡಿದ್ದಾಳೆ.

'ಯಾಕ್ರೀ ಹೇಳ್ಲಿಲ್ಲ?' ಎಂದೆ.

'ಹೊಸದರಲ್ಲಿ ಒಂದ್ಸಲ ಹೇಳಣ ಅಂತಿದ್ದೆ. ನೀನು ತವರುಮನೆ ಪುಡಿ ಅಂತ ಡಬ್ಬಿ ತಬ್ಕೊಂಡು ಕೂತಿದ್ದೆ. ಬಾಯಿ ಬರ್ಲಿಲ್ಲ. ಆಮೇಲೆ ಅಭ್ಯಾಸ ಆಗೋಯ್ತು' ಎಂದರು ಅವರು.

ಇಂಥ ಮಾತಿಗೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಅಳಿಯಂದಿರಿಗೆ ಒಂದು ಬೆಲ್ಲದ ಉಂಡೆ, ಎರಡು ರಸಪುರಿ ಹಣ್ಣು ಕೊಟ್ಟು, ಮೇಲೆ ಎರಡು ಲೋಟ ಗಸಗಸೆ ಪಾಯಸ ಕುಡಿಸಿದೆ. ಅವರ ಮುಖಕ್ಕೆ ನಿಧಾನವಾಗಿ ಮನುಷ್ಯರ ಬಣ್ಣ ಬಂತು. 'ನಮ್ಮಮ್ಮನಿಗೆ ಊಟ ಭರ್ಜರಿ ಆಗಿತ್ತು ಅಂತ್ಲೇ ಹೇಳ್ತೀನಿ ಅತ್ತೆ, ಸುಳ್ಳಲ್ವಲ್ಲ' ಎಂದರು. ಒಳ್ಳೆಯ ಹುಡುಗ. ನಮ್ಮ ಮನೆಯವರಲ್ಲೊಬ್ಬನಾಗುವುದಕ್ಕೆ ಬೇಕಾದ ಗುಣವೆಲ್ಲ ಇದೆ.

ನಾನು ಕೊನೆಗೆ ಅಡುಗೆಮನೆಯಲ್ಲಿ ಒಬ್ಬಳೇ ಊಟಕ್ಕೆ ಕೂತೆ. ಪಾತ್ರೆಯ ತುಂಬ ಸಾರು ಉಳಿದಿತ್ತು. ಇದೇನು ಅಷ್ಟು ಖಾರವಾ, ಇವರ ನಾಲಿಗೆಯೇ ಸರಿಯಿಲ್ಲ, ತೋರಿಸಿಬಿಡುತ್ತೇನೆ ಎಂದು ಮುದ್ದೆಯ ಮೇಲೆ ಧಾರಾಳವಾಗಿ ಬಿಟ್ಟುಕೊಂಡು ಒಂದು ತುತ್ತು ನುಂಗಿದೆ. ಕಿವಿಯೊಳಗೆ ಸಣ್ಣಗೆ ಶಿಳ್ಳೆ ಹೊಡೆದಂತಾಯಿತು. ಕಣ್ಣು ಮಂಜಾಯಿತು. ಆಗ ಹೊಳೆಯಿತು, ನಾನು ಯಾವತ್ತೂ ಈ ಸಾರನ್ನು ಹೀಗೆ ಬರಿದಾಗಿ ತಿಂದೇ ಇಲ್ಲ. ದಿನವೂ ಎಲ್ಲರದೂ ಆಗಿ ನನ್ನ ಸರದಿ ಬರುವಾಗ ಪಾತ್ರೆಯ ತಳದಲ್ಲಿ ಒಂದು ಸೌಟು ಉಳಿದಿರುತ್ತದೆ. ಸಾಲುವುದಿಲ್ಲವಲ್ಲ ಎಂದು ಅದಕ್ಕೆ ಮಜ್ಜಿಗೆ ಹುಯ್ದು ಉಣ್ಣುತ್ತೇನೆ. ಈ ಲೋಕದಲ್ಲಿ ನನ್ನ ಬಸ್ಸಾರನ್ನು ಯಾರಾದರೂ ನಿಜವಾಗಿ ತಿಂದದ್ದು ಅಳಿಯ ಬಂದ ಅವತ್ತೇ ಮೊದಲು.

ಬಾಗಿಲಲ್ಲಿ ನೆರಳು ಬಿತ್ತು. ನಮ್ಮ ಮನೆಯವರು. 'ಅಳಿಯಂದ್ರಿಗೆ ನಿದ್ದೆ ಹತ್ತಿದೆ. ಗಸಗಸೆ ಕೆಲ್ಸ ಮಾಡ್ತು' ಎಂದು ಪಿಸುಗುಟ್ಟಿ ಒಳಗೆ ಬಂದು ತಟ್ಟೆ ತೆಗೆದುಕೊಂಡರು. ಅವರ ಹಿಂದೆ ಶಿಲ್ಪ, ಅವಳ ಭುಜ ಹಿಡಿದುಕೊಂಡು ಹಸಿವಿಲ್ಲದ ನಮ್ಮತ್ತೆ. ಬುಟ್ಟಿಯನ್ನು ನಾನೇ ಎತ್ತಿದೆ. ಅವರೆಲ್ಲ ಅನ್ನಕ್ಕೆ ಬರೀ ಮೊಸರು ಕಲಸಿಕೊಂಡು, ಮಾವಿನಹಣ್ಣು ಕಚ್ಚಿಕೊಂಡು ಉಂಡರು. ನಾನು ಮುದ್ದೆ ಬಸ್ಸಾರೇ ಉಂಡೆ. ಎರಡು ಚಮಚ ತುಪ್ಪ, ಮೂರು ಸೌಟು ಮೊಸರು ಹಾಕಿಕೊಂಡು, ಬಹಳ ಚೆನ್ನಾಗಿದೆ ಎಂದು ಹೇಳಿಕೊಂಡು. ಮೊದಲು ಮಲಗಿದವರು ಅಳಿಯಂದಿರು, ಆಮೇಲೆ ನಮ್ಮತ್ತೆ, ಆಮೇಲೆ ಉಳಿದವರು. ನಾನು ಮಾತ್ರ ಮಲಗಲಿಲ್ಲ, ಹೊಟ್ಟೆ ಉರಿಯುತ್ತಿತ್ತು.