ಮಗಳ ಉಂಗುರ, ಅಪ್ಪನ ಬೆರಳು

ನಮ್ಮ ಮನೆಯ ಬಗ್ಗೆ ಅಕ್ಕಪಕ್ಕದವರು ಹೇಳುತ್ತಿದ್ದುದು ಒಂದೇ ಮಾತು: ದೇವರು ಧೈರ್ಯ ಹಂಚಲು ಬಂದಾಗ ಇಡೀ ಕೊಡವನ್ನು ಮಗಳ ತಲೆಯ ಮೇಲೆ ಸುರಿದುಬಿಟ್ಟ, ಅಪ್ಪನ ಪಾಲಿಗೆ ಕೊಡ ತೊಳೆದ ನೀರೂ ಸಿಗಲಿಲ್ಲ. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಇದನ್ನು ನನ್ನೆದುರಿಗೇ ಹೇಳುತ್ತಿದ್ದರು, ಅದೂ ನಾನು ಅವರ ಪ್ಯಾಂಟಿಗೆ ಸೊಂಟದ ಅಳತೆ ತೆಗೆಯುತ್ತಿರುವಾಗ. ನಾನು ಎದುರು ಮಾತಾಡುತ್ತಿರಲಿಲ್ಲ. (ಟೇಪು ನನ್ನ ಕೈಯಲ್ಲಿತ್ತಲ್ಲ, ಒಂಚೂರು ಬಿಗಿಯಾಗಿಯೇ ಅಳತೆ ಬರೆದುಕೊಳ್ಳುತ್ತಿದ್ದೆ, ಅಷ್ಟೆ.)

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ನಾನು ದರ್ಜಿ, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ನನ್ನವಳು ಸ್ಟೂಲನ್ನೂ ನನ್ನನ್ನೂ ಒಟ್ಟಿಗೆ ಹಿಡಿದುಕೊಳ್ಳಬೇಕು. ಮಗಳೋ, ಲಿಫ್ಟ್ ರಿಪೇರಿ ಮಾಡುವವಳು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ, ಲಿಫ್ಟು ಓಡಾಡುವ ಆ ಕತ್ತಲೆಯ ಬಾವಿಯೊಳಗೆ ಇಳಿದು, ಹಗ್ಗ, ಗಾಲಿ, ಗ್ರೀಸುಗಳ ನಡುವೆ ದಿನ ಕಳೆಯುತ್ತಾಳೆ. ಬೆಳಿಗ್ಗೆ ಅವಳು ಹೊರಟರೆ ಸಂಜೆ ಅವಳ ಬೂಟಿನ ಸದ್ದು ಕೇಳುವವರೆಗೆ ನಾನು ಹಾಕುವ ಹೊಲಿಗೆ ನೇರವಾಗಿ ಬರುವುದಿಲ್ಲ.

ಇಂಥವಳಿಗೆ ಮದುವೆ ಗೊತ್ತಾಯಿತು. ಹುಡುಗ ಕನ್ನಡಕದ ಅಂಗಡಿಯವನು, ಸಾಧು. ಅವನ ತಾಯಿ, ಅಂದರೆ ನಮ್ಮ ಭಾವೀ ಬೀಗಿತ್ತಿ, ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಆಕೆ ನೋಡಿದರೆ ಸಾಕು, ಇಲ್ಲದ ಕೆಮ್ಮೂ ನಿಂತುಹೋಗುತ್ತದೆ. ನಿಶ್ಚಿತಾರ್ಥದ ದಿನ ಆಕೆಯೇ ತಮ್ಮ ಮನೆತನದ ಉಂಗುರವನ್ನು ಮಗಳ ಬೆರಳಿಗೆ ತೊಡಿಸಿದರು. ಉಂಗುರವೆಂದರೆ ಎಂಥದ್ದು! ಎತ್ತರದ ಕೊಕ್ಕೆಗಳ ಮೇಲೆ ಸಾಕ್ಷಾತ್ ಸಿಂಹಾಸನಾರೂಢ ಕಲ್ಲು. ತೊಡಿಸಿ, "ಇದನ್ನ ಕೈಯಿಂದ ತೆಗೀಬೇಡಮ್ಮ" ಅಂದರು. ಎಲ್ಲರೂ ನಕ್ಕರು. ನಾನು ಮಾತ್ರ ಆ ಕೊಕ್ಕೆಗಳನ್ನು ಎಣಿಸಿದೆ.

ಮಗಳು ಆ ರಾತ್ರಿ ಊಟ ಮಾಡುತ್ತಾ, ಯಾರದೋ ಮನೆಯ ಸುದ್ದಿ ಹೇಳುವ ಹಾಗೆ, ಕೆಲಸದಲ್ಲಿ ಉಂಗುರ ಹಾಕಿಕೊಂಡರೆ ಏನಾಗುತ್ತದೆಂದು ವಿವರಿಸಿದಳು. ಉಂಗುರ ಯಾವುದಾದರೂ ಕಬ್ಬಿಣದ ಅಂಚಿಗೆ ಸಿಕ್ಕಿಕೊಂಡು ಆಳು ಕೆಳಗೆ ಜಾರಿದರೆ, ಬೆರಳು ಉಂಗುರದ ಜೊತೆ ಮೇಲೆಯೇ ಉಳಿದುಬಿಡುತ್ತದಂತೆ. ಹೇಳಿ, ಇನ್ನೊಂದು ತುತ್ತು ಬಾಯಿಗಿಟ್ಟಳು. ನಾನು ತಟ್ಟೆ ಸರಿಸಿದೆ.

ನನ್ನ ಸಂಕಟ ನೋಡಿ. ಉಂಗುರ ಇದ್ದರೆ ಬೆರಳು ಹೋಗುತ್ತದೆ, ಇಲ್ಲದಿದ್ದರೆ ಸಂಬಂಧ ಹೋಗುತ್ತದೆ. ನನ್ನವಳು, ಬೀಗಿತ್ತಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಅಂದಳು. ಹೇಳುವುದು ಸುಲಭ, ಹೇಳಬೇಕಾದ ಬಾಯಿ ನನ್ನದು. ಆಕೆ ಒಮ್ಮೆ ಫೋನು ಮಾಡಿ ಉಂಗುರದ ವಿಷಯ ಕೇಳಿದಾಗ ನಾನು, "ಅಯ್ಯೋ, ಒಂದು ಗಳಿಗೆನೂ ತೆಗೆಯಲ್ಲ ತಾಯಿ, ಲಿಫ್ಟಿನೊಳಗೆ ಇಳಿದಾಗಲೂ ಕೈಯಲ್ಲೇ ಇರುತ್ತೆ" ಎಂದುಬಿಟ್ಟೆ. ಆ ಕಡೆ ಫೋನು ಕಟ್ಟಾಯಿತು. ಸಂತೋಷದ ಸುದ್ದಿ ಮಗನಿಗೆ ಹೇಳಲು ಓಡಿರಬೇಕು ಅಂದುಕೊಂಡೆ.

ನಿಜ ಏನೆಂದರೆ, ಮಗಳು ದಿನಾ ಬೆಳಿಗ್ಗೆ ಉಂಗುರ ತೆಗೆದು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದಳು. ಅದನ್ನು ಎಲ್ಲಿಡುವುದು? ಬೀರುವಿನಲ್ಲಿ ಇಡಿ ಅಂದಳು ನನ್ನವಳು. ಕಳ್ಳ ಮೊದಲು ನೋಡುವುದೇ ಬೀರು. ಹಿಟ್ಟಿನ ಡಬ್ಬ? ಆಮೇಲೆ ನೋಡುವುದು ಅದನ್ನೇ. ನೂಲಿನ ಪೆಟ್ಟಿಗೆಯಲ್ಲಿಟ್ಟರೆ ಗುಂಡಿಗಳ ಜೊತೆ ಸೇರಿ ಯಾರದಾದರೂ ಕೋಟಿಗೆ ಹೋಗಿಬಿಟ್ಟರೆ? ಕೊನೆಗೆ ನನ್ನ ಕಿರುಬೆರಳಿಗೇ ಹಾಕಿಕೊಂಡೆ. "ನಾನೇ ಬೀರು" ಅಂದೆ. ಬೀರು ಇದಕ್ಕಿಂತ ಕಡಿಮೆ ಮಾತಾಡುತ್ತದೆ ಅಂದಳು ನನ್ನವಳು.

ಬಂದ ಗಿರಾಕಿಗಳೆಲ್ಲ ಒಂದು ಥರಾ ನೋಡತೊಡಗಿದರು. ಈ ವಯಸ್ಸಿನಲ್ಲಿ ಇದೇನು ಶೋಕಿ ಎಂದು ಮೇಷ್ಟ್ರು ನನ್ನವಳನ್ನು ವಿಚಾರಿಸಿ ಸಮಾಧಾನ ಹೇಳಿದರು. ಅದೂ ಸಾಲದೆ ಆ ಕೊಕ್ಕೆಗಳು ಒಬ್ಬಾಕೆಯ ಸ್ಯಾಟಿನ್ ಬಟ್ಟೆಗೆ ಸಿಕ್ಕಿ ಉದ್ದಕ್ಕೂ ನೂಲೆಳೆದವು. ಕೈ ಕೊಡವಿದೆ, ಉಂಗುರ ಚಂಗನೆ ಹಾರಿ ಮಿಷನ್ನಿನ ಕಾಲಡಿ ಉರುಳಿತು. ಕಿರುಬೆರಳಿಗೆ ಅದು ಸಡಿಲ! ಇಷ್ಟು ದಿನ ಅದೃಷ್ಟದಿಂದ ಉಳಿದಿತ್ತಲ್ಲ ಎಂದು ಬೆವರಿ, ಒರೆಸಿ, ಪಕ್ಕದ ಬೆರಳಿಗೆ ಬಲವಂತವಾಗಿ ತುರುಕಿದೆ. ಇನ್ನು ಕಳೆದುಹೋಗುವ ಮಾತೇ ಇಲ್ಲ ಎಂದು ನೆಮ್ಮದಿಯ ಉಸಿರು ಬಿಟ್ಟೆ.

ಅದೂ ನಿಜವಾಯಿತು. ಸಂಜೆ ಮಗಳು ಕೇಳಿದಾಗ ಉಂಗುರ ಬರಲೊಪ್ಪಲಿಲ್ಲ. ಸೋಪು ಹಾಕಿದೆವು, ಎಣ್ಣೆ ಹಾಕಿದೆವು. ನನ್ನವಳು ನನ್ನ ಭುಜಕ್ಕೆ ಕಾಲು ಕೊಟ್ಟು ಎಳೆದಳು. (ಅದರಲ್ಲಿ ಉಂಗುರಕ್ಕೆ ಸಂಬಂಧಿಸದ ಹಳೆಯ ಸಿಟ್ಟೂ ಇತ್ತೆಂದು ನನ್ನ ಅನುಮಾನ.) ಮಗಳು ಕತ್ತರಿಸೋಣ ಅಂದರೆ ನಾನು ಬೆಳಿಗ್ಗೆ ತಾನಾಗಿ ಇಳಿಯುತ್ತದೆಂದು ಹಟ ಹಿಡಿದು ಮಲಗಿದೆ.

ಬೆಳಿಗ್ಗೆ ಇಳಿದದ್ದು ರಿಕ್ಷಾದಿಂದ ಬೀಗಿತ್ತಿ. ಮದುವೆಗೆ ಬಟ್ಟೆ ಹೊಲಿಸಲು ಅಳತೆ ಕೊಡಬೇಕಿತ್ತಂತೆ. ಕೈಗೆ ಸಿಕ್ಕ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿಕೊಂಡೆ. ಏನಾಯಿತು ಅಂದರು. ಇಸ್ತ್ರಿಪೆಟ್ಟಿಗೆ ತಗಲಿತೆಂದು ನಾನು, ಸೂಜಿ ಚುಚ್ಚಿತೆಂದು ಒಳಗಿನಿಂದ ನನ್ನವಳು, ಇಬ್ಬರೂ ಒಂದೇ ಉಸಿರಿಗೆ ಹೇಳಿದೆವು.

"ಸುಟ್ಟು ಚುಚ್ಚಿದೆಯೋ, ಚುಚ್ಚಿ ಸುಟ್ಟಿದೆಯೋ, ನಾನೇ ನೋಡ್ತೀನಿ. ಬಿಚ್ಚಿ" ಅಂದರು ಆಕೆ.

ಬಿಚ್ಚಿದೆ. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದರ ನಡುವೆ ಅವರ ಮನೆತನದ ಕಲ್ಲು ಮಿರಮಿರ ಮಿಂಚುತ್ತಿತ್ತು. ಮದುವೆ ಮುರಿಯಿತು ಎಂದು ಕಣ್ಣು ಮುಚ್ಚಿದೆ. ಆಕೆ ಉಂಗುರದ ಮಾತೇ ಎತ್ತದೆ ನನ್ನ ಉಗುರನ್ನು ಒತ್ತಿ ನೋಡಿ, ನನ್ನದೇ ನೂಲಿನುಂಡೆ ತೆಗೆದುಕೊಂಡು ಬೆರಳಿಗೆ ಬಿಗಿಯಾಗಿ ಸುತ್ತಿ ಎಳೆದರು. ಉಂಗುರ ಕದಲಲಿಲ್ಲ. ಕತ್ತರಿಸಲೇಬೇಕು ಅಂದರು.

"ಉಂಗುರ ಕತ್ತರಿಸ್ಬೇಡಿ, ಬೆರಳೇ ಹೋಗಲಿ. ಇನ್ನೂ ಒಂಬತ್ತಿವೆ" ಅಂದೆ ನಾನು.

"ಆ ಒಂಬತ್ತಕ್ಕೇ ಇವರು ಇನ್ನೂ ಸರಿಯಾಗಿ ಕೆಲಸ ಕೊಟ್ಟಿಲ್ಲ" ಅಂದಳು ನನ್ನವಳು, ಮಗಳಿಗೆ ಫೋನು ಮಾಡುತ್ತಾ.

ಮಗಳು ಕೆಲಸದ ಚೀಲದ ಸಮೇತ ಬಂದಳು. ಕೆಟ್ಟು ನಿಂತ ಲಿಫ್ಟನ್ನು ನೋಡುವ ಹಾಗೆ ನನ್ನನ್ನು ಒಮ್ಮೆ ನೋಡಿದಳು. ಮಿಷನ್ನಿನ ಸ್ವಿಚ್ಚು ಆರಿಸಿದಳು, ಎಲ್ಲರನ್ನೂ ದೂರ ನಿಲ್ಲಿಸಿದಳು, ಉಂಗುರಕ್ಕೂ ಚರ್ಮಕ್ಕೂ ನಡುವೆ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿದಳು, ಚೀಲದಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದಳು.

"ಅಪ್ಪಾ, ಕೈ ನೋಡ್ಬೇಡ. ನನ್ನ ಮುಖ ನೋಡು."

ನೋಡಿದೆ. ಇಷ್ಟು ವರ್ಷ ಅವಳ ಕೆಲಸಕ್ಕೆ ಹೆದರಿದ್ದೆನೇ ಹೊರತು ಅವಳು ಕೆಲಸ ಮಾಡುವುದನ್ನು ನೋಡಿರಲಿಲ್ಲ. ಆ ಮುಖದಲ್ಲಿ ಆತುರವಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಟಕ್ ಎಂದಿತು. ಸಿಂಹಾಸನ ಬಾಯಿ ಬಿಟ್ಟುಕೊಂಡು ಮೇಜಿನ ಮೇಲೆ ಬಿತ್ತು.

ಬೀಗಿತ್ತಿ ಮಗಳನ್ನು ಕೇಳಿದರು, "ಕೆಲಸದಲ್ಲಿ ಇದನ್ನ ಹಾಕ್ಕೊಳ್ತಿದ್ಯಾ?"

ನಾನು ಬಾಯಿ ತೆರೆದೆ. ಮಗಳು ಮೊದಲೇ ಹೇಳಿಬಿಟ್ಟಳು: "ಇಲ್ಲ. ಒಂದು ದಿನವೂ ಹಾಕ್ಕೊಂಡಿಲ್ಲ."

ಆಕೆ ಕುರ್ಚಿಯಲ್ಲಿ ಕುಸಿದು ಕೂತು ನೀರು ಕೇಳಿದರು. ಗುಟುಕರಿಸಿ, ನನ್ನ ಕಡೆ ತಿರುಗಿದರು. "ಲಿಫ್ಟಿನೊಳಗೂ ತೆಗೆಯಲ್ಲ ಅಂತ ನೀವು ಫೋನಲ್ಲಿ ಹೇಳಿದ್ರಲ್ಲ, ಅವತ್ತಿಂದ ನಂಗೆ ನಿದ್ದೆ ಇಲ್ಲ. ಎಂಥೆಂಥ ಬೆರಳು ನೋಡಿದ್ದೀನಿ ನಾನು ಆಸ್ಪತ್ರೇಲಿ. ಇಷ್ಟೂ ತಿಳುವಳಿಕೆ ಇಲ್ಲದ ಹುಡುಗೀನ ಹೇಗೆ ತಂದ್ಕೊಳ್ಳೋದು, ಮದುವೆ ಬೇಡ ಅಂತ ಹೇಳಿಹೋಗೋಣ ಅಂತಾನೇ ಅರ್ಧ ಮನಸ್ಸಲ್ಲಿ ಬಂದಿದ್ದೆ."

"ತೆಗೀಬೇಡ ಅಂತ ನೀವೇ..." ಅಂದೆ.

"ಉಂಗುರ ತೊಡಿಸುವಾಗ ಹಾಗನ್ನೋದು ನಮ್ಮನೇಲಿ ವಾಡಿಕೆ. ನಮ್ಮತ್ತೆ ನಂಗೂ ಹಾಗೇ ಅಂದಿದ್ರು. ಮಾರನೇ ದಿನವೇ ತೆಗೆದಿಟ್ಟು ವಾರ್ಡಿಗೆ ಹೋದೆ. ರೋಗಿಗಳ ಮೈ ಮುಟ್ಟೋ ಕೈ, ಉಂಗುರ ಹಾಕೋ ಹಾಗಿದ್ಯಾ?"

ಸಂಬಂಧ ಉಳಿಸಲು ನಾನು ಹೇಳಿದ ಸುಳ್ಳೊಂದೇ ಆ ಸಂಬಂಧಕ್ಕಿದ್ದ ಗಂಡಾಂತರ. ನನ್ನವಳು ಫೋನನ್ನು ಎತ್ತಿ ನನ್ನ ಕೈಗೆಟುಕದ ಕಪಾಟಿನ ಮೇಲಿಟ್ಟಳು.

ಅಳಿಯ ಆ ಕಲ್ಲನ್ನು ಸರಕ್ಕೆ ಕಟ್ಟಿಸಿದ. ರಜೆಯ ದಿನ ಹಾಕಿಕೊಂಡರೆ ಸಾಕು. ಮದುವೆ ಮುಗಿದು ಮಗಳು ಗಂಡನ ಮನೆಗೆ ಹೊರಟಳು. ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದವಳು ತಿರುಗಿ ಬಂದಳು. ಅಪ್ಪನನ್ನು ತಬ್ಬಿ ಅಳುತ್ತಾಳೆಂದು ನಾನು ಕರ್ಚೀಫು ಸಿದ್ಧ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಎರಡೂ ತೋಳು ಚಾಚಿದೆ.

ಅವಳು ಚಾಚಿದ ಕೈಗಳನ್ನು ಹಿಡಿದು, ಮೇಲೆ ಕೆಳಗೆ ತಿರುಗಿಸಿ, ಬೆರಳು ಬೆರಳನ್ನೂ ಪರೀಕ್ಷಿಸಿದಳು. ಆಮೇಲೆ ಆ ಕೈಗಳನ್ನು ನನ್ನವಳಿಗೆ ಒಪ್ಪಿಸಿದಳು.

"ಅಮ್ಮ, ದುಂಡಗಿರೋ ಯಾವ್ದನ್ನೂ ಅಪ್ಪನ ಕೈಗೆ ಕೊಡ್ಬೇಡ."

ನಾನು ಅಳಬೇಕೋ ನಗಬೇಕೋ ತೀರ್ಮಾನಿಸುವಷ್ಟರಲ್ಲಿ ಅವಳು ಮೆಟ್ಟಿಲಿಳಿದು, ಬೀದಿಯ ತಿರುವಿನಲ್ಲಿ ಒಮ್ಮೆ ಕೈ ಬೀಸಿ, ಹೊರಟುಹೋದಳು.