ಬಾವಿಗೆ ಇಳೀಬೇಕಾದ ವಾಚು

ನೀವ ಮಾಡಿದ ವಾಚ್ ಕೈಗೆ ಕಟಗೊಂಡು ನಮ್ಮ ಇಳಕಲ್ ಬಸ್ ಸ್ಟ್ಯಾಂಡಿನ್ಯಾಗ ಒಂದ ಸಲ ನಿಂತು ನೋಡ್ರಿ, ಒಂದಿಲ್ಲೊಂದು ಫಜೀತಿ ತಾನಾಗೇ ಬಂದು ಮಾತಾಡಸ್ತೈತಿ. ನನಗಂತೂ ಇದು ದಿನದ ಪಾಡು ಆಗೇತಿ.

ನಾ ಗ್ರಾನೈಟ್ ಪಾಲಿಶ್ ಮಾಡೂ ಕಾರ್ಖಾನ್ಯಾಗ ಸೂಪರವೈಸರ್. ಸಂಜಿಗೆ, ರವಿವಾರಕ್ಕ ವಾಚ್ ಮಾಡ್ತೇನಿ. ಹಿಂದಕ ಸಮುದ್ರದಾಗ ಮುಳುಗು ಹಾಕವರು ಕಟಗೊಳ್ತಿದ್ರಲ್ಲ, ದಪ್ಪನ ಕೇಸು, ದಪ್ಪನ ಮುಳ್ಳು, ಸುತ್ತಲೂ ಕಟಕಟ ಅಂತ ತಿರುಗೂ ಬಳಿ, ಕತ್ತಲದಾಗ ಹಸರಗ ಹೊಳಿಯೂ ಗುರುತು, ಅಂಥಾ ಹಳೇ ನಮೂನಿ ವಾಚು. ಕೇಸು ಒಂದು ಕಡೆಯಿಂದ, ಮಷೀನು ಇನ್ನೊಂದು ಕಡೆಯಿಂದ ತರಿಸಿ ಕೂಡಸ್ತೇನಿ. ಡಯಲಿನ ಮ್ಯಾಲ ಯಾವ ಕಂಪನಿ ಹೆಸರೂ ಹಾಕಂಗಿಲ್ಲ. ಹಂಗಾಗಿ ಯಾರರ 'ಡುಪ್ಲಿಕೇಟ್' ಅಂದ್ರ ನನಗ ಭಾಳ ಸಿಟ್ಟು ಬರ್ತೈತಿ. ಇಡೀ ಜಿಲ್ಲಾದಾಗ ಈ ಕೆಲಸ ನನ್ನಷ್ಟು ಛಲೋ ಮಾಡಾಂವ ಇನ್ನೊಬ್ಬ ಇಲ್ಲ. ಇನ್ನೊಬ್ಬ ಮಾಡಾಂವನ ಇಲ್ಲ, ಅದು ಬ್ಯಾರೆ ಮಾತು.

ನೀರು ಹಾಕಿ ನೋಡೂದು

ಕಲ್ಲಿನ ಊರಾಗ ಇದ್ದು ತಗಡಿನ ಡಯಲ್ ಯಾಕ ಹಾಕಬೇಕು ಅಂತ ಒಮ್ಮೆ ತಲ್ಯಾಗ ಬಂತು. ನಮ್ಮ ಇಳಕಲ್ಲಿನ ಕೆಂಪು ಕಲ್ಲಿಂದ ಹಪ್ಪಳಕ್ಕಿಂತ ತೆಳ್ಳಗ ಒಂದು ಬಿಲ್ಲಿ ಕೊಯಿಸಿ, ಉಜ್ಜಿ ಉಜ್ಜಿ ಕನ್ನಡಿ ಮಾಡಿ, ನಡುವ ತೂತು ಕೊರದೆ. ಎಷ್ಟು ಬಿಲ್ಲಿ ಒಡದ್ವು ಅನ್ನೂದು ಮಾತ್ರ ಕೇಳಬ್ಯಾಡ್ರಿ. ಕಡೀಕ ಒಂದು ಕುಂತಿತು. ಕಟಗೊಂಡು ಕಾರ್ಖಾನಿಗೆ ಹೋದೆ.

ಆವತ್ತ ಅಡಗಿಮನಿ ಕಟ್ಟಿ ಮ್ಯಾಲ ಹಾಸೂ ಕಲ್ಲು ನೋಡಾಕ ಒಬ್ಬರು ಗಿರಾಕಿ ಬಂದಿದ್ರು. ನಮ್ಮ ವ್ಯಾಪಾರದಾಗ ಒಂದು ಪದ್ಧತಿ ಐತಿ. ಕಲ್ಲಿನ ಹಲಗಿ ಮ್ಯಾಲ ನೀರು ಸುರುವಿ, ಹಸೀ ಇದ್ದಾಗ ಬಣ್ಣ ನೋಡಬೇಕು. ಅವರು ಅಂಗಳದಾಗಿನ ಹಲಗಿಗೆಲ್ಲಾ ಬಾಟ್ಲಿಯಿಂದ ನೀರು ಹಾಕ್ಕೋಂತ ಬಂದು, ನನ್ನ ಕೈ ನೋಡಿ ಗಕ್ಕನ ನಿಂತ್ರು.

"ಇದ ಕಲ್ಲು ಬೇಕ್ರಿ ನನಗ," ಅಂದ್ರು.

ನಾ ಹಿಗ್ಗಿ ಹೀರೇಕಾಯಿ ಆದೆ. ಅಷ್ಟರಾಗ ಅವರು ಬಾಟ್ಲಿ ಎತ್ತಿ ನನ್ನ ಮುಂಗೈ ಮ್ಯಾಲ ನೀರು ಸುರುವೇ ಬಿಟ್ರು. ಅಂಗಿ ತೋಳು ತೊಯ್ತು. ನಾ ಅಂಜಲಿಲ್ಲ. "ಇನ್ನಷ್ಟು ಹಾಕ್ರಿ, ಇದು ನೀರಿಗೆ ಅಂತನ ಮಾಡಿದ್ದು," ಅಂದೆ.

ಅವರು ಬಗ್ಗಿ ನೋಡಿದ್ರು, ನನ್ನ ಕೈ ಹೊಳ್ಳಿಸಿ ನೋಡಿದ್ರು, ಸಮಾಧಾನ ಆಗಲಿಲ್ಲ. "ಬಣ್ಣ ತಿಳೀವಲ್ದ್ರಿ," ಅಂದ್ರು. "ಆ ಮ್ಯಾಲಿನ ಗಾಜು ಅಷ್ಟು ತಗೀರಿ, ಇನ್ನೊಮ್ಮೆ ನೀರು ಹಾಕಿ ನೋಡ್ತೇನಿ."

ಕಿಡಕಿ ಕರಾರು

ನಮ್ಮದು ಸಣ್ಣ ಮನಿ. ಛಲೋ ಬೆಳಕು ಬರೂದು ಒಂದ ಕಿಡಕ್ಯಾಗಿಂದ. ಆ ಕಿಡಕಿ ಬುಡಕ ನನ್ನ ವಾಚಿನ ಟೇಬಲ್ ಐತಿ. ನಮ್ಮ ಮನಿಯಾಕಿ ಸೀರಿಗೆ ಕುಚ್ಚು ಕಟ್ಟತಾಳ. ಆಕೀ ಕೈ ಎಷ್ಟು ಚಂದ ಐತಿ ಅಂದ್ರ ಓಣ್ಯಾಗಿನ ಸೀರಿ ಎಲ್ಲಾ ನಮ್ಮ ಮನಿಗೇ ಬರ್ತಾವ. ಎಳಿ ಬಿಡಸಾಕ ಆಕಿಗೆ ಬೆಳಕು ಬೇಕು. ಸಾಸವಿಗಿಂತ ಸಣ್ಣ ಸ್ಕ್ರೂ ಹಿಡಿಯಾಕ ನನಗೂ ಬೆಳಕು ಬೇಕು. ನಮ್ಮ ಸಂಸಾರದ ಜಗಳ ಎಲ್ಲಾ ಆ ಕಿಡಕ್ಯಾಗ ಐತಿ.

ಒಂದಿನ ಹೊಸಾ ವಾಚ್ ತೋರಿಸಿ, "ಎರಡನೂರು ಮೀಟರ್ ಆಳಕ್ಕ ಹೋದ್ರೂ ಇದರಾಗ ನೀರು ಹೋಗಂಗಿಲ್ಲ," ಅಂತ ಜಂಬ ಕೊಚ್ಚಿಕೊಂಡೆ.

ಆಕಿ ಕುಚ್ಚಿನಿಂದ ತಲಿ ಎತ್ತಲಿಲ್ಲ. "ಯಾರು ಇಳದು ನೋಡ್ಯಾರ್ರಿ?"

ನನಗಂತೂ ಈಜು ಬರಂಗಿಲ್ಲ.

"ನಮ್ಮಪ್ಪಗ ಒಂದು ಮಾಡಿ ಕೊಡ್ರಿ," ಅಂದ್ಲು. "ದಿನಾ ಬಾವ್ಯಾಗ ಈಸ್ತಾನ. ಕೈಗೆ ಕಟಗೊಂಡು ತಳ ಮುಟ್ಟಿ ಬರ್ಲಿ. ನೀರು ಹೋಗ್ಲಿಲ್ಲಂದ್ರ ಕಿಡಕಿ ನಿಮ್ಮದು, ನಾ ಇನ್ನ ತಕರಾರು ತಗ್ಯಂಗಿಲ್ಲ. ನೀರು ಹೋತಂದ್ರ ನಿಮ್ಮ ಟೇಬಲ್ ಎತ್ತಿ ಅಡಗಿಮನ್ಯಾಗ ಇಟಗೊಳ್ರಿ, ಕಿಡಕಿ ನನ್ನ ಕುಚ್ಚಿಗೆ."

ನಮ್ಮ ಮಾವಾರ ಬಗ್ಗೆ ಹೇಳಬೇಕು. ಕಮತಗಿ ಹತ್ರ ಅವರ ಹೊಲ, ಹೊಲದಾಗ ಕಲ್ಲು ಕಟ್ಟಿದ ಹಳೇ ಬಾವಿ. ಸುತ್ತಮುತ್ತ ಯಾರ ಬಾವ್ಯಾಗ ಕೊಡ ಬಿದ್ರೂ, ಮೋಟರಿನ ಪೈಪ್ ಕಳಚಿ ಬಿದ್ರೂ ಮಂದಿ ಮಾವಾರಿಗೆ ಹೇಳಿ ಕಳಸ್ತಾರ. ಉಸಿರು ಹಿಡದು ತಳಕ್ಕ ಹೋಗಿ ಎತ್ತಿಕೊಂಡು ಬರ್ತಾರ. ಸಮುದ್ರ ಇಲ್ಲದ ನಮ್ಮ ಜಿಲ್ಲಾದಾಗ ಖರೇವಂದ್ರ ಮುಳುಗು ಹಾಕವರು ಅವರೊಬ್ರ. ನನ್ನ ಕೆಲಸದ ಮ್ಯಾಲ ನನಗ ಪೂರಾ ಭರವಸಿ ಇತ್ತು. "ಆತು, ಕರಾರು ಪಕ್ಕಾ," ಅಂದೆ.

ನನ್ನ ಮಾತು ಮುಗಿಯೂದ್ರಾಗ ಆಕಿ ಎದ್ದು ಕಿಡಕಿಯ ಅಗಲ ಗೇಣು ಹಾಕಿ ಅಳ್ಯಾಕತ್ತಿದ್ಲು.

ಪಂಕ್ತ್ಯಾಗ ಮಾನ ಹೋದದ್ದು

ಈ ನಮೂನಿ ವಾಚಿಗೆ ಖರೆ ಕಳಾ ಬರೂದು ಅದು ಹಳೇದು ಕಂಡಾಗ. ಐವತ್ತು ವರ್ಷ ಬಿಸಲು ಉಂಡಂಗ ಇರಬೇಕು. ಅದಕ್ಕ ನಾ ಹೊಸಾ ಡಯಲಿಗೆ ಗಟ್ಟಿ ಚಹಾದ ನೀರು ಹಚ್ಚಿ ಹಳದಿ ಮಾಡ್ತೇನಿ, ಕರೀ ಬಳೀನ ಬಟ್ಟಿ ಬೆಳ್ಳಗ ಮಾಡೂ ಔಷಧದಾಗ ಅದ್ದಿ ಮಾಸಸ್ತೇನಿ.

ಅಂಥಾದ್ದೊಂದು ಕಟಗೊಂಡು ಹುನಗುಂದಕ್ಕ ಬೀಗರ ಪೈಕಿ ಒಂದು ಮದವಿಗೆ ಹೋದೆ. ಊಟಕ್ಕ ಕುಂತಾಗ ಮಾವಾರ ಅಕ್ಕ ನನ್ನ ಬಾಜೂಕ ಇದ್ರು. ಎಲ್ಲಾರೂ ಅವರಿಗೆ ದೊಡ್ಡವ್ವ ಅಂತಾರ. ನಮ್ಮ ಕಡೆ ಮದವ್ಯಾಗ ಹೆಣ್ಣಿನವರು ಅಳಿಯಗ ಉಂಗುರ, ವಾಚ್ ಕೊಡೂದು ವಾಡಿಕಿ. ದೊಡ್ಡವ್ವ ನನ್ನ ಕೈ ನೋಡಿದ್ರು, ತುತ್ತು ಅಲ್ಲೇ ನಿಂತಿತು. ಎದುರು ಸಾಲಿನ್ಯಾಗ ಕುಂತ ಮಾವಾರಿಗೆ ಎಲ್ಲಾರಿಗೂ ಕೇಳೂ ಹಂಗ ಅಂದ್ರು:

"ಏನೋ ತಮ್ಮಾ, ಅಳಿಯಗ ಇಂಥಾ ಮಾಸಿದ ವಾಚ್ ಕೊಟ್ಟೀಯೇನು? ಮಂದಿ ಏನಂದಾರು?"

ಮಾವಾರ ಮಾರಿ ಸಣ್ಣದಾತು. "ಅಕ್ಕಾ, ನಾ ಕೊಟ್ಟದ್ದು ಬಂಗಾರ ಬಣ್ಣದ್ದು..."

ನಾ ನಡುವ ಬಾಯಿ ಹಾಕಿದೆ. "ದೊಡ್ಡವ್ವಾರ, ಇದು ಹೊಸಾದ್ರಿ. ನಾನ ಚಹಾದ ನೀರು ಹಚ್ಚಿ ಹಳೇದು ಮಾಡೇನಿ. ವಾರಗಟ್ಟಲೆ ಹಿಡೀತು."

ಬಡಸಾಂವ ಸಾರಿನ ಬಕೀಟು ಹಿಡಕೊಂಡು ನಿಂತ. ದೊಡ್ಡವ್ವ ನನ್ನ ಮಾರಿ ದಿಟ್ಟಿಸಿ ನೋಡಿದ್ರು, ಆಮ್ಯಾಲ ಮಾವಾರ ಕಡೆ ತಿರುಗಿ ದನಿ ಇಳಿಸಿದ್ರು. "ತಪ್ಪು ತಿಳಕೊಂಡೆ ತಮ್ಮಾ. ರೋಗ ವಾಚಿಂದಲ್ಲ. ಮದವಿಗೆ ಮೊದಲ ಹುಡುಗನ್ನ ಇನ್ನಷ್ಟು ವಿಚಾರಸಬೇಕಿತ್ತು."

ಎಷ್ಟು ಎಚ್.ಪಿ.?

ಅದಾದ ಮ್ಯಾಲ ಮಾವಾರ ವಾಚಿಗೆ ಚಹಾದ ವಾಸನಿನೂ ತಾಗಸಲಿಲ್ಲ. ಮಿರಿಮಿರಿ ಮಿಂಚೂ ಕೇಸು, ಕರೀ ಡಯಲು, ಮುಳ್ಳಿಗೆ ಎರಡೆರಡು ಸಲ ಹೊಳಿಯೂ ಬಣ್ಣ ಹಚ್ಚಿದೆ. ಎಲ್ಲಾ ಚಂದಂಗ ಕುಂತಿತು. ಆದ್ರ ಹಿಂದಿನ ಮುಚ್ಚಳ ಹಾಕೂ ಮುಂದ ನೀರು ತಡಿಯೂ ರಬ್ಬರ್ ರಿಂಗು ನನ್ನ ಚಿಮಟಿಗೆ ಸಿಕ್ಕು ಹರೀತು. ಕೆಲಸದ ಮ್ಯಾಲ ಬಾಗಲಕೋಟಿಗೆ ಹೋದಾಗ ಪಂಪಿನ ಸಾಮಾನು ಮಾರೂ ಅಂಗಡಿ ಹೊಕ್ಕೆ. ಅಲ್ಲೆ ಎಲ್ಲಾ ಅಳತಿ ರಿಂಗು ಡಬ್ಬಿ ತುಂಬ ಇರ್ತಾವ.

"ಎಷ್ಟು ಎಚ್.ಪಿ. ಮೋಟರ್ರಿ?" ಅಂದ್ರು ಅಂಗಡಿಯವರು.

"ಮೋಟರಲ್ರಿ, ಇದಕ್ಕ ಬೇಕು," ಅಂತ ಕೇಸು ತೋರಿಸಿದೆ.

"ಇದು ನೀರಾಗ ಇರೂದೇನ್ರಿ?"

"ಹೌದ್ರಿ. ಪೂರಾ ಮುಳಗತೈತಿ."

"ಅಂದ್ರ ಸಬ್‌ಮರ್ಸಿಬಲ್ ಅನ್ರಿ. ನೀರು ಎಷ್ಟು ಎತ್ತತೈತಿ?"

"ಏನೂ ಎತ್ತಂಗಿಲ್ರಿ. ಒಂದು ಹನಿ ಒಳಗ ತಗೋಬಾರದು, ಒಂದು ಹನಿ ಹೊರಗ ಹಾಕಬಾರದು."

ಅವರು ಡಬ್ಬಿ ಎಲ್ಲಾ ಹುಡುಕಿ, ಅಳತಿಗೆ ಸರಿಯಾದ ರಿಂಗು ತಗದು ನನ್ನ ಅಂಗೈಯಾಗ ಇಟ್ರು. ಆಮ್ಯಾಲ ಭಾಳ ಕನಿಕರದಿಂದ ಕೇಳಿದ್ರು. "ನೀರಾಗ ಇದ್ದು ನೀರು ಎತ್ತಲಾರದ್ದು ನಿಮಗ ಯಾರು ಗಂಟು ಹಾಕಿದ್ರು ಸರ್? ರಿಂಗು ಬ್ಯಾಡ್ರಿ, ಮೊದಲ ಅದನ್ನ ಅವರಿಗೆ ವಾಪಸ್ ಕೊಡ್ರಿ."

ಮಂಗ್ಯಾ ನೋಡಿದ್ದು

ವಾಚ್ ಮುಗದ ಮ್ಯಾಲ ಅತ್ತಿ-ಮಾವಾರನ್ನ ಕರಕೊಂಡು ಬಾದಾಮಿಗೆ ಹೋದ್ವಿ. ಬನಶಂಕರಿ ದರ್ಶನ ಮುಗಿಸಿ, ಗವಿ ನೋಡಾಕ ಮೆಟ್ಟಲ ಏರಿದ್ವಿ. ಅಲ್ಲೆ ಮ್ಯಾಲ ನಿಂತು ವಾಚ್ ತಗದು ಮಾವಾರಿಗೆ ಕೊಟ್ಟೆ. ಅವರು ಅಂಗೈಯಾಗ ಇಟಗೊಂಡು ಬಿಸಲಿಗೆ ಹಿಡದು ಹಿಗ್ಗಿಲೆ ನೋಡಾಕತ್ತಿದ್ರು. ಬಾದಾಮ್ಯಾಗ ಅಂಗೈ ತಗದು ನಿಲ್ಲಬಾರದು ಅನ್ನೂದು ಅವರಿಗೆ ಮರತಿತ್ತು. ಒಂದು ಮಂಗ್ಯಾ ಬಂದು ಕಸಗೊಂಡು ಬಂಡೆಗಲ್ಲಿನ ಮ್ಯಾಲ ಏರಿ ಕುಂತಿತು.

ಅದು ಗಾಜು ಕಡೀತು. ಕಲ್ಲಿಗೆ ಬಡೀತು. ಬಳಿ ಹಿಡದು ಕಟಕಟ ತಿರುವಿತು. ಅತ್ತಿ ಅಳೂದೊಂದ ಬಾಕಿ. ನಾ ಮಾತ್ರ ಕೈ ಕಟಗೊಂಡು ನಿಂತೆ, "ಏನೂ ಆಗಂಗಿಲ್ಲ ಬಿಡ್ರಿ," ಅಂದೆ. ಮಂಗ್ಯಾಗೂ ಬ್ಯಾಸರ ಬಂತು, ವಾಚ್ ನಮ್ಮ ಕಡೆ ಒಗದು ಹೋತು. ನೋಡಿದ್ರ ಒಂದು ಗೀರಿಲ್ಲ, ಮುಳ್ಳು ತನ್ನ ಪಾಡಿಗೆ ತಾ ನಡದಿತ್ತು.

ಅಲ್ಲೇ ನಿಂತಿದ್ದ ಗೈಡ್ ಅಂದ್ರು: "ಮೊಬೈಲ್, ಕನ್ನಡಕ ಒಯ್ದರ ಬಾಳೆಹಣ್ಣು ಕೊಟ್ಟು ಬಿಡಸಬೇಕ್ರಿ. ಹಣ್ಣು ಕೇಳಲಾರದ ತಾನ ಒಗದದ್ದು ಇದನ್ನೊಂದ ನೋಡಿದೆ. ಡುಪ್ಲಿಕೇಟೇನ್ರಿ?"

ಸಿಟ್ಟು ನೆತ್ತಿಗೇರಿತು. ಆದ್ರ ಖುಷಿ ಅದಕ್ಕಿಂತ ದೊಡ್ಡದಿತ್ತು. ಮನಿಯಾಕಿ ಕಡೆ ತಿರುಗಿ, "ನೋಡಿದ್ಯಾ? ಕಡೀತು, ಬಡೀತು, ಏನೂ ಆಗ್ಲಿಲ್ಲ. ಕಿಡಕಿ ನನ್ನದ," ಅಂದೆ.

"ಕರಾರು ಬಾವೀದ್ರಿ," ಅಂದ್ಲು ಆಕಿ. "ಮಂಗ್ಯಾಂದಲ್ಲ."

ಬಾವಿ ದಂಡಿ ಮ್ಯಾಲ

ಒಂದು ತಿಂಗಳು ಬಿಟ್ಟು ರವಿವಾರ ಮುಂಜಾನೆ ಗಂಡ-ಹೆಂಡತಿ ಇಬ್ರೂ ಕಮತಗಿಗೆ ಹೋದ್ವಿ, ಕಿಡಕಿ ಯಾರದು ಅನ್ನೂದು ತೀರಿಸಿಕೊಳ್ಳಾಕ. ಅಷ್ಟರಾಗ ಮಾವಾರು ಆ ವಾಚ್ ತೋರಿಸದ ಮನಿ ಊರಾಗ ಉಳದಿದ್ದಿಲ್ಲ. "ನಮ್ಮ ಅಳಿಯಂದ್ರು ಮಾಡ್ಯಾರ, ನೀರಾಗ ನಡೀತೈತಿ," ಅಂತ ಕಿರಾಣಿ ಅಂಗಡಿಯವಗೂ, ಬಸ್ಸಿನ ಕಂಡಕ್ಟರಗೂ ಹೇಳಿದ್ರಂತ. ನಾ ಎದಿ ಸೆಟಸಿ ಬಾವಿ ಹತ್ರ ನಿಂತೆ.

ಮಾವಾರು ಅಂಗಿ ಕಳದ್ರು, ಧೋತರ ಕಳದ್ರು. ಆಮ್ಯಾಲ ವಾಚ್ ಬಿಚ್ಚಿದ್ರು, ಟವೆಲ್ಲಿನ್ಯಾಗ ಕೂಸಿನಂಗ ಸುತ್ತಿ ದಂಡಿ ಮ್ಯಾಲ ಇಟ್ರು, ಧಡ್ಡಂತ ಜಿಗದ್ರು.

ಅವರು ತಲಿ ಮ್ಯಾಲ ಎತ್ತೂದ ತಡ, ಕೇಳಿದೆ. "ಮಾವಾರ, ವಾಚ್ ಯಾಕ ಬಿಚ್ಚಿದ್ರಿ?"

"ನೀರಾಗ ಇಳ್ಯಾಕ."

"ಅದನ್ನ ನೀರಾಗ ಇಳ್ಯಾಕಂತನ ಮಾಡಿದ್ದಲ್ರಿ?"

"ಇರಬಹುದ್ರಿ ಅಳಿಯಂದ್ರ. ಹಂಗಂತ ಇಷ್ಟು ಚಂದನ ವಾಚ್ ಯಾರರ ನೀರಾಗ ಹಾಕ್ತಾರೇನು?"

"ಹಂಗಾರ ಈ ಒಂದು ತಿಂಗಳದಾಗ?"

"ಒಂದು ಹನಿ ತಾಗಸಿಲ್ಲ," ಅಂದ್ರು ಅಭಿಮಾನದಿಂದ.

ಮನಿಯಾಕಿ ಬಾಯಿಗೆ ಸೆರಗು ಒತ್ತಿ ನಗಾಕತ್ತಿದ್ಲು. ನಾ ಕೈ ಮುಗದು ಬೇಡಿಕೊಂಡೆ, ಒಂದ ಸಲ ಕಟಗೊಂಡು ಇಳೀರಿ ಅಂತ. ಅವರು ಒಪ್ಪಲಿಲ್ಲ. "ಕೊಟ್ಟ ವಸ್ತು ಜ್ವಾಕಿ ಮಾಡೂದು ನಮ್ಮ ಧರ್ಮರಿ," ಅನಕೋಂತ ಮ್ಯಾಲ ಬಂದ್ರು. ತಲಿ ವರಸಿಕೊಳ್ಳಾಕ ಟವೆಲ್ ಎಳಕೊಂಡ್ರು. ಅದರಾಗ ಏನೈತಿ ಅನ್ನೂದು ಮರತು ಒಮ್ಮೆ ಜಾಡಿಸಿದ್ರು. ಬಾವ್ಯಾಗ ಬುಳುಕ್ ಅಂತು.

ಮಾವಾರ ಮಾರಿ ಬೆಳ್ಳಗಾತು. ಅವರನ್ನ ನೋಡಿ ನನಗ ಕಿಡಕಿ ಗಿಡಕಿ ಎಲ್ಲಾ ಮರತು ಹೋತು. "ಹೋಗ್ಲಿ ಬಿಡ್ರಿ, ಇನ್ನೊಂದು ಮಾಡ್ತೇನಿ," ಅನ್ನೂದ್ರಾಗ ಅವರು ಜಿಗದಾಗಿತ್ತು.

ಮೊದಲನೇ ಸಲ ಬರೀ ಕೈಲೆ ಬಂದ್ರು. "ತಳಕ್ಕ ಕತ್ತಲೈತಿ, ಏನೂ ಕಾಣವಲ್ದು." ಮತ್ತ ಮುಳಗಿದ್ರು. ಈ ಸಲ ಗಾಬರ್ಯಾಗಿ ಬಂದ್ರು. "ಮೂಲ್ಯಾಗ ಏನೋ ಹಸರಗ ಹೊಳ್ಯಾಕತ್ತೈತ್ರಿ, ಹಾವೋ ಏನೋ."

"ಅದ ರಿ ಮಾವಾರ, ಅದ ವಾಚು," ಅಂತ ಕೂಗಿದೆ. "ಮುಳ್ಳಿಗೆ ನಾ ಹಚ್ಚಿದ ಬಣ್ಣ."

ಮೂರನೇ ಸಲ ನೀರಿನಿಂದ ಮೊದಲ ಬಂದದ್ದು ಅವರ ಕೈ, ಕೈಯಾಗ ವಾಚು.

ಮನಿಯಾಕಿ ಅದನ್ನ ಇಸಗೊಂಡು ಸೆರಗಿಲೆ ವರಸಿ ಬಿಸಲಿಗೆ ಹಿಡದ್ಲು. ಗಾಜಿನ ಒಳಗ ಮಂಜು ಕಟ್ಟೇತೇನು ಅಂತ ಎಲ್ಲಾ ಕಡೆಯಿಂದ ನೋಡಿದ್ಲು, ಕಿವಿಗೆ ಹಿಡದು ಕೇಳಿದ್ಲು. "ನಡದೈತಿ," ಅಂದ್ಲು ಸಣ್ಣ ದನಿಲೆ. "ಸೋತೆ ರಿ. ಕಿಡಕಿ ನಿಮ್ಮದು."

ನನ್ನ ಕಾಲು ನೆಲದ ಮ್ಯಾಲ ನಿಲ್ಲವಲ್ವು. ದಂಡಿಗೆ ಕುಂತು ತೇಕಾಕತ್ತಿದ್ದ ಮಾವಾರಿಗೆ ಅಂದೆ, "ಈಗರ ನಂಬಿಕಿ ಬಂತಿಲ್ಲೋ? ಇನ್ನ ಮ್ಯಾಲ ಧೈರ್ಯಾದಿಂದ ಕಟಗೊಂಡು ಇಳೀರಿ."

"ಬ್ಯಾಡ್ರಿ ಅಳಿಯಂದ್ರ," ಅಂದ್ರು ಮಾವಾರು. "ಇನ್ನ ಇದನ್ನ ತಿಜೋರ್ಯಾಗ ಇಡ್ತೇನಿ, ಬಾವಿ ಕಡೆ ತರಂಗಿಲ್ಲ. ನೀರಾಗ ಬಿದ್ದ ವಾಚ್ ಎಲ್ಲೆರ ಉಳೀತೈತೇನು? ಈ ಸಲ ಏನೋ ಬಸವಣ್ಣ ಕಾದ."

ಮನಿ ಕಡೆ ಹೊಂಟಿದ್ದ ಮನಿಯಾಕಿ ಗಕ್ಕನ ತಿರುಗಿ ನಿಂತ್ಲು.

"ಕೇಳಿದ್ರಿಲ್ಲೋ? ವಾಚ್ ಕಾದಾಂವ ಬಸವಣ್ಣ ಅಂತ ನಮ್ಮಪ್ಪನ ಹೇಳಿದ. ಅಂದ್ರ ಕರಾರು ಗೆದ್ದಾಂವ ಬಸವಣ್ಣ, ನೀವಲ್ಲ." ಸೆರಗು ನಡಕ್ಕ ಸಿಗಸಿಕೊಂಡ್ಲು. "ಅವಗ ಕಿಡಕಿ ಬೇಕಾಗಿಲ್ಲ. ನನಗ ಬೇಕು."